ಟೈಲರ್ ಕಾಕ ಬಿಟ್ಟ ಎರಡು ಬೆರಳು ಬಟ್ಟೆ

ಅವರ ಎಡಗೈಯ ಎರಡು ಬೆರಳು ಯಾವಾಗಲೂ ಬೆಳ್ಳಗಿರುತ್ತಿದ್ದವು. ತೋರುಬೆರಳು ಮತ್ತು ಅದರ ಪಕ್ಕದ ನಡುಬೆರಳು. ಉಳಿದ ಕೈಯೆಲ್ಲ ನಮ್ಮ ನಿಮ್ಮ ಹಾಗೆ ಕಂದು. ಆ ಎರಡು ಬೆರಳಿಗೆ ಮಾತ್ರ ಗುರುತು ಹಾಕುವ ಚಾಕ್‌ಪೀಸಿನ ಪುಡಿ ಕೂತು ಕೂತು, ಬೇರೆ ಯಾರದೋ ಕೈಯಿಂದ ತಂದು ಜೋಡಿಸಿದ ಹಾಗೆ ಕಾಣುತ್ತಿದ್ದವು. ಬಟ್ಟೆಯ ಅಂಚಿನಲ್ಲಿ ಅವೆರಡನ್ನೂ ಒತ್ತಿ ಇಟ್ಟು, ಪಕ್ಕದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಆ ಗೆರೆಯಿಂದ ಈಚೆಗಿನ ಬಟ್ಟೆ ಇವತ್ತಿನ ಮಗುವಿಗೆ. ಆಚೆಗಿನದು ಮುಂದಿನ ವರ್ಷದ ಮಗುವಿಗೆ.

ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ, ಒಂದು ಫೋಟೋ ಸ್ಟುಡಿಯೋಕ್ಕೂ ಒಂದು ಕೆಫೆಟೇರಿಯಾಕ್ಕೂ ನಡುವೆ ಅವರ ಹೊಲಿಗೆ ಅಂಗಡಿ. ತೊಂಬತ್ತರ ದಶಕದ ಮೊದಲಲ್ಲಿ ನಾವು ಮೈಸೂರಿನಿಂದ ಅಲ್ಲಿಗೆ ಹೋದಾಗ ಮಗಳಿನ್ನೂ ಕೆ.ಜಿ. ಸೇರಬೇಕಿತ್ತು. ಯೂನಿಫಾರ್ಮ್ ಎಲ್ಲಿ ಹೊಲಿಸುವುದು ಎಂದು ಎದುರು ಫ್ಲ್ಯಾಟಿನವರನ್ನು ಕೇಳಿದೆ. "ಕಾಕನ ಹತ್ರ ಹೋಗಿ, ಇನ್ನೆಲ್ಲಿ?" ಅಂದರು. ಕಾಕ ಬಂಟ್ವಾಳದ ಕಡೆಯ ಬ್ಯಾರಿಗಳು. ಮಂಗಳೂರಿನ ಹುಡುಗರು ಕಾಕ ಎನ್ನುತ್ತಿದ್ದರು, ಮಲೆಯಾಳಿಗಳು ಕಾಕ ಎನ್ನುತ್ತಿದ್ದರು, ಕೊನೆಗೆ ಮೈಸೂರಿನ ನಾವೂ ಅದನ್ನೇ ಹಿಡಿದೆವು. ಮಗಳು ಸೇರಿದ ಶಾಲೆಯ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪ್ಯಾಂಟು, ಫ್ರಾಕು ಅವರ ಮಷೀನಿನ ಕೆಳಗಿಂದಲೇ ಹೊರಟದ್ದು.

ಮಾರ್ಚ್ ಕೊನೆಯಲ್ಲಿ ಅಂಗಡಿಗೆ ಕಾಲಿಡುವ ಹಾಗಿರಲಿಲ್ಲ. ನೇವಿ ಬ್ಲೂ ಬಟ್ಟೆಯ ರಾಶಿ, ಏಸಿಯಿಂದ ತೊಟ್ಟಿಕ್ಕುವ ನೀರಿಗೆ ಇಟ್ಟ ಬಕೆಟ್, ಸ್ಟೂಲಿನ ಮೇಲೆ ಆರಿಹೋದ ಸುಲೈಮಾನಿ ಚಹಾ. ಕಾಕನ ತುಟಿಗಳ ನಡುವೆ ಗುಂಡುಸೂಜಿಗಳ ಸಾಲು. ಸೂಜಿ ಕಚ್ಚಿಕೊಂಡೇ ಮಾತಾಡುವುದು ಅವರಿಗೆ ರೂಢಿಯಾಗಿತ್ತು, ಆ ಮಾತು ಅರ್ಥಮಾಡಿಕೊಳ್ಳುವುದು ನಮಗೂ ರೂಢಿಯಾಯಿತು. ಮೊದಲ ಸಲ ನಾನು ಮಗಳ ಫ್ರಾಕನ್ನು ಸರಿಯಾದ ಅಳತೆಗೆ ಹೊಲಿಯಿರಿ ಅಂದಾಗ ಸೂಜಿಗಳನ್ನೆಲ್ಲ ತೆಗೆದು ಕೈಯಲ್ಲಿಟ್ಟುಕೊಂಡರು. ಅಷ್ಟು ಗಂಭೀರ ವಿಷಯ.

"ಸರಿಯಾದ ಅಳತೆ ಎಂತದ್ದು ಅಕ್ಕಾ? ಮಗು ನಾಳೆ ಹೀಗೇ ಇರ್ತದಾ?"

"ಉದ್ದ ಆದ್ರೆ ಜೋಲಾಡುತ್ತಲ್ಲ ಕಾಕ."

"ಜೋಲಾಡುದಿಲ್ಲ. ಒಳಗೆ ಮಡಚಿ ಇಡ್ತೇನೆ, ಎರಡು ಬೆರಳು. ವರ್ಷಕ್ಕೊಮ್ಮೆ ತನ್ನಿ, ಬಿಚ್ಚಿ ಕೊಡ್ತೇನೆ. ಕತ್ತರಿಸ್ಲಿಕ್ಕೆ ಎಂತ, ಒಂದು ನಿಮಿಷ. ಆಮೇಲೆ ಬಟ್ಟೆ ಎಲ್ಲಿಂದ ತರುದು?"

ಹಾಗೆ ವರ್ಷ ವರ್ಷ ಮಡಿಕೆ ಬಿಚ್ಚಿದಾಗ ಫ್ರಾಕಿನ ಕೆಳಗೆ ಒಂದು ಕಡುನೀಲಿ ಪಟ್ಟಿ ಉಳಿಯುತ್ತಿತ್ತು. ಬಿಸಿಲು, ಸೋಪು ಕಾಣದ ಬಟ್ಟೆಯ ಬಣ್ಣ. ಮಕ್ಕಳು ಅದನ್ನು 'ಗೆರೆ' ಎನ್ನುತ್ತಿದ್ದರು. "ನಿಂದು ಎಷ್ಟು ಗೆರೆ?" "ನಂದು ಮೂರು!" ಮೂರು ಗೆರೆಯವಳು ಎರಡು ಗೆರೆಯವಳ ಮುಂದೆ ದೊಡ್ಡಕ್ಕನ ಹಾಗೆ ನಡೆಯುತ್ತಿದ್ದಳು.

ಕಾಕನದ್ದು ಇನ್ನೊಂದು ನಿಯಮ. ಆರನೆಯ ಕ್ಲಾಸು ದಾಟಿದ ಹೆಣ್ಣುಮಕ್ಕಳನ್ನು ಅವರು ಮುಟ್ಟಿ ಅಳೆಯುತ್ತಿರಲಿಲ್ಲ. ಟೇಪನ್ನು ಅಮ್ಮಂದಿರ ಕೈಗೆ ಕೊಟ್ಟು, ತಾವು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಪರದೆಯ ಹಿಂದಿನಿಂದ ನಾವು ಅಳತೆ ಕೂಗಬೇಕು, ಅವರು ಚಾಕ್‌ಪೀಸಿನಿಂದ ಬಟ್ಟೆಯ ಮೇಲೇ ಗುರುತು ಹಾಕಿಕೊಳ್ಳಬೇಕು. ಒಬ್ಬ ತಾಯಿ ನಾಚಿಕೆಯಿಂದ ಸಣ್ಣ ದನಿಯಲ್ಲಿ ಹೇಳಿದರೆ, "ರೇಡಿಯೋದಲ್ಲಿ ವಾರ್ತೆ ಓದ್ತಾರಲ್ಲ, ಹಾಗೆ ಹೇಳಿ ಅಕ್ಕಾ, ನಾನು ಕಿವಿಯಿಂದ ಹೊಲಿಯುವವ" ಎಂದು ನಗಿಸುತ್ತಿದ್ದರು.

ಮಗಳು ಹನ್ನೆರಡನೆಯದು ಮುಗಿಸಿ ದುಬೈನ ಕಾಲೇಜಿಗೆ ಹೋದಳು. ಅಲ್ಲೇ ಹಾಸ್ಟೆಲ್. ಅದೇ ಸುಮಾರಿಗೆ ದುಬೈನ ಒಂದು ಮಾಲಿನೊಳಗೆ ಹಿಮದ ಇಳಿಜಾರು ತೆರೆಯಿತು. ಹೊರಗೆ ಕಾದ ಮರಳು, ಒಳಗೆ ನಿಜವಾದ ಹಿಮ. ಜನ ಕೋಟು ಬಾಡಿಗೆಗೆ ತೆಗೆದುಕೊಂಡು ಹೋಗಿ ಬೀಳುತ್ತಿದ್ದರು, ಏಳುತ್ತಿದ್ದರು, ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ಒಂದು ಸಲ ಬಿದ್ದು ಬಂದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಮಗಳಿಗೆ ಅಲ್ಲಿಂದಲೇ ಶುರುವಾಯಿತು. ಅವಳ ಶಾಲೆಯಲ್ಲಿ ಎರಡು ವರ್ಷ ಮುಂದಿದ್ದ ಒಬ್ಬ ಹುಡುಗ ಆ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿತು, ಅಲ್ಲೇ ನಡೆದ ರೇಸಿನಲ್ಲಿ ಮೊದಲು ಬಂದ. ಅಬುಧಾಬಿಯ ಖಾಲಿದಿಯಾದಲ್ಲಿ ಕ್ರಿಕೆಟ್ ಆಡಿ ಬೆಳೆದ ಹುಡುಗ! ಅದನ್ನು ಕೇಳಿದ್ದೇ ತಡ, ಇವಳು ಅಲ್ಲಿ ಬೂಟು ಕೊಡುವ ಕೌಂಟರಿನಲ್ಲಿ ವಾರದ ಕೊನೆಗೆ ಕೆಲಸಕ್ಕೆ ಸೇರಿಕೊಂಡಳು. ಕೆಲಸ ಮುಗಿದ ಮೇಲೆ ಇಳಿಜಾರು ಹತ್ತಲು ಬಿಡುತ್ತಾರಂತೆ. ಫೋನಿನಲ್ಲಿ ಮಾತೆಲ್ಲ ಅದೇ ಆಯಿತು. ಕೆಂಪು ಕೋಲು, ನೀಲಿ ಕೋಲು, ಅವುಗಳ ನಡುವೆ ಅಂಕುಡೊಂಕಾಗಿ ಇಳಿಯಬೇಕು, ಎರಡು ಸಲ ಇಳಿದ ಹೊತ್ತನ್ನು ಕೂಡಿಸುತ್ತಾರೆ, ಕಡಿಮೆ ಹೊತ್ತಿನವರು ಗೆದ್ದರು.

ಆ ವರ್ಷದ ಕೊನೆಯ ರೇಸಿನಲ್ಲಿ ಮೊದಲೆರಡು ಸ್ಥಾನ ಪಡೆದ ಹುಡುಗಿಯರನ್ನು ಯುರೋಪಿನ ನಿಜವಾದ ಬೆಟ್ಟಕ್ಕೆ ತರಬೇತಿಗೆ ಕಳಿಸುತ್ತಾರೆ ಎಂದಾಯಿತು. ನಮ್ಮ ಮನೆಯವರು ಪೇಪರ್ ಮಡಚಿಟ್ಟು ಹೇಳಿದರು: "ಇದೊಂದು ಸಲ ನೋಡು. ಆಗಲಿಲ್ಲ ಅಂದ್ರೆ ಖಲಾಸ್. ಬೂಟು ಕೌಂಟರೂ ಬೇಡ, ಹಿಮಾನೂ ಬೇಡ, ಓದು ಮುಗಿಸು."

"ಡೀಲ್, ಪಪ್ಪಾ," ಅಂದಳು ಮಗಳು. ಅವಳು ಯಾವುದಕ್ಕೂ ಅಷ್ಟು ಬೇಗ ಒಪ್ಪಿದವಳಲ್ಲ.

ಅವಳಿಗೆ ಕಲಿಸುತ್ತಿದ್ದ ಕೋಚ್ ಆಸ್ಟ್ರಿಯಾದ ಹೆಂಗಸು. ಊರಿಗೆ ಹಿಂತಿರುಗುವಾಗ ತನ್ನ ಹಳೆಯ ರೇಸ್ ಸೂಟನ್ನು ಇವಳಿಗೆ ಕೊಟ್ಟು ಹೋದಳು. ಕತ್ತಿನಿಂದ ಕಾಲಿನ ಗೆಣ್ಣಿನವರೆಗೆ ಒಂದೇ ಉಡುಪು, ರಬ್ಬರಿನ ಹಾಗೆ ಎಳೆದರೆ ಹಿಗ್ಗುವ ಬಟ್ಟೆ. ಆಕೆಯದು ಬಾಗಿಲು ಮುಟ್ಟುವ ಎತ್ತರ, ನಮ್ಮ ಹುಡುಗಿ ನನ್ನ ಕಿವಿಗೆ ಬರುತ್ತಾಳೆ. ಹಾಕಿಕೊಂಡು ನಿಂತರೆ ಒಳಗೆ ಇನ್ನೊಬ್ಬರು ಬಾಡಿಗೆಗೆ ಇರಬಹುದಿತ್ತು.

"ಕಾಕನ ಹತ್ರ ಹೋಗೋಣ," ಅಂದಳು. ಬೇರೆ ಟೈಲರು ಇದ್ದಾನೆ ಎಂಬುದು ಅವಳಿಗೆ ಗೊತ್ತೇ ಇರಲಿಲ್ಲ.

ಕಾಕ ಸೂಟನ್ನು ಮೇಜಿನ ಮೇಲೆ ಹರಡಿ, ಎಳೆದು, ಬಿಟ್ಟು, ಬೆಳಕಿಗೆ ಹಿಡಿದು ನೋಡಿದರು. "ಇದು ಬಟ್ಟೆಯಾ, ಇಲ್ಲ ಹಾವಿನ ಪೊರೆಯಾ ಮಗಳೇ?"

"ಟೈಟಾಗಿರಬೇಕು ಕಾಕ. ಸ್ಕಿನ್ ಥರ."

"ಆಯ್ತು, ಆಯ್ತು," ಅಂದವರು ಟೇಪನ್ನು ನನ್ನ ಕೈಗೆ ಕೊಟ್ಟು ಗೋಡೆಗೆ ತಿರುಗಿದರು. ಪರದೆಯ ಹಿಂದೆ ಮಗಳು ನೆಟ್ಟಗೆ ನಿಂತಳು, ಚೂಡಿದಾರದ ಮೇಲೆಯೇ ಟೇಪು ಸುತ್ತಿ ನಾನು ವಾರ್ತೆ ಓದಿದೆ. ಎರಡು ದಿನಕ್ಕೆ ಸೂಟು ತಯಾರಾಯಿತು. ಹೊಲಿಗೆ ಎಷ್ಟು ಅಚ್ಚುಕಟ್ಟು ಅಂದರೆ ಕೋಚ್ ಹೊಲಿಸಿದ್ದೇ ಹಾಗೆ ಅನ್ನಬೇಕು. ಒಳಗೆ ತಿರುವಿ ತೋರಿಸಿದರು. ಎಲ್ಲ ಕಡೆಯೂ ಬಟ್ಟೆ ಹಾಗೇ ಇದೆ, ಮಡಚಿ, ಒತ್ತಿ, ಹೊಲಿಗೆ ಹಾಕಿ. "ಒಂದು ನೂಲು ಕತ್ತರಿಸ್ಲಿಲ್ಲ. ನಾಳೆ ಮದುವೆ ಆಗಿ ಸ್ವಲ್ಪ ದಪ್ಪ ಆದ್ರೂ ಬಿಚ್ಚಬಹುದು. ಮತ್ತೆ ಹೆಣ್ಣುಮಗು ಅಲ್ವಾ, ನಾಲ್ಕು ಜನರ ಮುಂದೆ ಹಾಕುದು. ಉಸಿರಾಡುವಷ್ಟು ಬಿಟ್ಟಿದ್ದೇನೆ."

ನಾನು ಬಹಳ ಒಳ್ಳೇದಾಯಿತು ಅಂದೆ. ನನ್ನ ಮನಸ್ಸಿನಲ್ಲಿದ್ದುದೂ ಅದೇ.

ಆ ಸೂಟು ಹಾಕಿಕೊಂಡು ಅವಳು ಅಭ್ಯಾಸದ ರೇಸಿಗೆ ಇಳಿದಳು. ದೊಗಲೆ ಜಾಕೆಟ್ ಹಾಕಿ ಇಳಿಯುತ್ತಿದ್ದುದಕ್ಕಿಂತ ನಿಧಾನವಾಗಿ ಬಂದಳು. ಜೊತೆಯವರು "ಪೈಜಾಮಾ ರೇಸಾ?" ಎಂದು ನಕ್ಕರಂತೆ. ಕೊನೆಯ ರೇಸಿಗೆ ಇನ್ನು ಎರಡೇ ವಾರ.

ಮನೆಗೆ ಬಂದವಳು ಕಾಕನಿಗೆ ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಳು. ಅವರು ಬೇಜಾರು ಮಾಡಿಕೊಳ್ಳುತ್ತಾರೆ, ಜಾಕೆಟ್ಟಿನಲ್ಲೇ ಇಳೀತೀನಿ ಅಂದಳು. ಆದರೆ ಆ ಗಲ್ಲಿಯಲ್ಲಿ ಕಾಕನ ಕಣ್ಣು ತಪ್ಪಿಸಿ ಹೋಗುವುದು ಸುಲಭವಲ್ಲ.

"ಏ ಮೂರು ಗೆರೆ! ನನ್ನ ಹೊಲಿಗೆ ಹೇಗೆ ಓಡಿತು?"

"ಚೆನ್ನಾಗಿತ್ತು ಕಾಕ. ಸೂಪರ್."

ಕಾಕ ಸೂಜಿಗಳನ್ನು ತುಟಿಯಿಂದ ತೆಗೆದರು. "ಚೆನ್ನಾಗಿದ್ರೆ ಗಿರಾಕಿ ಕನ್ನಡಿ ನೋಡ್ತದೆ, ನೆಲ ನೋಡುದಿಲ್ಲ. ಎಂತ ಆಯ್ತು ಹೇಳು ಮಾರಾಯ್ತಿ."

ಅವಳು ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದಳು. ಕಾಕ ನನ್ನ ಕಡೆ ನೋಡಿದರು. ನಾನು ಮಗಳಿಗೆ ಮಾತು ಕೊಟ್ಟವಳು. "ಶುಕ್ರವಾರ ಇಳೀತಾಳಲ್ಲ ಇವಳು? ನಮಾಜು ಆದ ಮೇಲೆ ನಾನೂ ಬರ್ತೇನೆ," ಅಂದುಬಿಟ್ಟರು. ಅಷ್ಟು ವರ್ಷದಲ್ಲಿ ಊರಿಗೆ ಹೋಗುವಾಗ ಬಿಟ್ಟರೆ ಅವರು ಅಬುಧಾಬಿ ದಾಟಿದ್ದನ್ನು ನಾನು ಕಂಡಿರಲಿಲ್ಲ.

ದುಬೈಗೆ ಹೋಗುವ ದಾರಿಯುದ್ದಕ್ಕೂ ಕಾರಿನ ಕಿಟಕಿಗೆ ಮೂಗು ತಾಗಿಸಿ ಕೂತಿದ್ದರು. ಜೆಬೆಲ್ ಅಲಿ ಬಂದಾಗ ಬೆರಳು ತೋರಿಸಿದರು. ಮೊದಲು ಬಂದಾಗ ಅಲ್ಲಿಯ ಲೇಬರ್ ಕ್ಯಾಂಪಿನಲ್ಲಿ ಇದ್ದರಂತೆ, ಕೆಲಸಗಾರರು ಮೈತುಂಬ ತೊಡುವ ಕವರಾಲ್ ಹೊಲಿಯುತ್ತಿದ್ದರಂತೆ. "ಅದಕ್ಕೆ ಅಳತೆಯೇ ಇಲ್ಲ ಅಕ್ಕಾ. ಯಾರು ಬೇಕಾದ್ರೂ ಹೋಗ್ಬೇಕು ಅದರ ಒಳಗೆ. ಕೈಗೆ ದೊಗಲೆ ಅಭ್ಯಾಸ ಆದದ್ದು ಅಲ್ಲಿ."

ಮಾಲಿನಲ್ಲಿ ಹಿಮ ನೋಡಲು ದೊಡ್ಡ ಗಾಜಿನ ಗೋಡೆಯಿದೆ. ಈಚೆ ಜನ ಐಸ್‌ಕ್ರೀಮ್ ತಿನ್ನುತ್ತಾ ನಿಲ್ಲುತ್ತಾರೆ. ಕಾಕ ಹಣೆಗೆ ಕೈಯಿಟ್ಟು ಇಣುಕಿದರು. "ಫ್ರಿಜ್ಜಿನ ಬಾಗಿಲು ತೆಗೆದು ನೋಡಿದ ಹಾಗೆ ಉಂಟಲ್ಲ!" ಎಂದು ಗಟ್ಟಿಯಾಗಿ ನಕ್ಕರು. ನಮ್ಮ ಮನೆಯವರೂ ನಕ್ಕರು. ಅಷ್ಟರಲ್ಲಿ ಮೇಲಿನಿಂದ ಮಗಳು ಬಂದಳು. ಕಾಕ ಬರುತ್ತಾರೆ ಎಂದು ಅವಳು ಸೂಟನ್ನೇ ಹಾಕಿಕೊಂಡಿದ್ದಳು. ಅವಳು ಕೋಲುಗಳ ನಡುವೆ ಬಗ್ಗಿ ತಿರುಗಿ ನಮ್ಮ ಮುಂದೆ ಹಾದುಹೋಗುವುದರೊಳಗೆ ಕಾಕನ ನಗು ನಿಂತಿತ್ತು.

"ಬೆನ್ನು ನೋಡಿದ್ರಾ ಅಕ್ಕಾ?"

ನಾನು ನೋಡಿದ್ದೆ, ಏನೂ ಕಂಡಿರಲಿಲ್ಲ. ಎರಡನೆಯ ಸಲ ಇಳಿದಾಗ ಅವರು ಹೇಳಿದಲ್ಲೇ ಕಣ್ಣಿಟ್ಟೆ. ಬೆನ್ನಿನಲ್ಲಿ ಗಾಳಿ ತುಂಬಿ, ಗೋಣಿಚೀಲದ ಹಾಗೆ ಉಬ್ಬಿ, ಪಟಪಟ ಬಡಿಯುತ್ತಿತ್ತು.

"ನಿಂತವಳ ಅಳತೆಗೆ ಹೊಲಿದೆ ನಾನು. ಅವಳು ಅಲ್ಲಿ ನಿಲ್ಲುದೇ ಇಲ್ಲ, ನೋಡಿ. ಕುಕ್ಕುರು ಕೂತೇ ಬರುದು. ಮಂಡಿಯ ಹಿಂದೆ ನಾನು ಮಡಚಿ ಇಟ್ಟದ್ದು ಹಗ್ಗದ ಹಾಗೆ ಅಡ್ಡ ನಿಂತಿದೆ. ಮಗು ಕಾಲು ಮಡಿಸ್ಲಿಕ್ಕೆ ಹೋದ್ರೆ ಬಟ್ಟೆ ಬಿಡುದಿಲ್ಲ." ಎಡಗೈ ಎತ್ತಿ ನೋಡಿಕೊಂಡು, "ಹನ್ನೆರಡು ಕ್ಲಾಸು ಜೊತೆಗಿದ್ದ ಕೈ ಇದು, ಈಗ ಹಿಂದಕ್ಕೆ ಎಳೀತಾ ಉಂಟು," ಅಂದರು. ವಾಪಸು ಬರುವಾಗ ಕಿಟಕಿಯ ಹೊರಗೆ ನೋಡಲಿಲ್ಲ.

ಮಾರನೆಯ ದಿನವೇ ಮಗಳನ್ನು ಅಂಗಡಿಗೆ ಕರೆಸಿದರು. ಅಂಗಡಿಯ ಬಾಗಿಲು ಅರ್ಧ ಎಳೆದರು. ಟೇಪು ನನ್ನ ಕೈಗೆ ಬಂತು, ಅವರು ಗೋಡೆಗೆ ತಿರುಗಿದರು. ಆದರೆ ಈ ಸಲದ ವಾರ್ತೆ ಬೇರೆ. "ಸೂಟು ಹಾಕಿಸಿ. ಅಲ್ಲಿ ಹೇಗೆ ಕೂತು ಬರ್ತಾಳೋ ಹಾಗೇ ಕೂರ್ಲಿ. ಅಕ್ಕಾ, ಬಟ್ಟೆ ಎಲ್ಲೆಲ್ಲಿ ಚಿವುಟಿದ್ರೆ ಕೈಗೆ ಬರ್ತದೆ, ಅಲ್ಲೆಲ್ಲ ಸೂಜಿ ಚುಚ್ಚಿ. ಬರದಲ್ಲಿ ಬೇಡ."

ಪರದೆಯ ಹಿಂದೆ ಮಗಳು ಮಂಡಿ ಬಗ್ಗಿಸಿ, ಕೈ ಮುಂದೆ ಹಿಡಿದು, ಹಿಮವೇ ಇಲ್ಲದ ಸಿಮೆಂಟು ನೆಲದ ಮೇಲೆ ರೇಸಿಗೆ ಕೂತಳು. ನಾನು ಅವಳ ಸುತ್ತ ಸುತ್ತಿ ಚಿವುಟಿ ಚಿವುಟಿ ಸೂಜಿ ಚುಚ್ಚಿದೆ. "ಅಮ್ಮಾ, ದಟ್ಸ್ ಮೀ!" ಎಂದು ಎರಡು ಸಲ ಕೂಗಿದಳು. ಆ ಕಡೆಯಿಂದ ಕಾಕ, "ಸೂಜಿ ಬಟ್ಟೆಗೆ ಅಕ್ಕಾ, ಬಟ್ಟೆಗೆ!" ಅಂದರು. ಮೂವರೂ ನಕ್ಕೆವು. ಕಾಲು ನಡುಗುವವರೆಗೂ ಅವಳು ಹಾಗೇ ಕೂತಿದ್ದಳು.

ಸೂಟು ಮೇಜಿಗೆ ಬಂತು. ಕಾಕ ಹಳೆಯ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ಹೊಸ ಗೆರೆ ಎಳೆದರು. ಆ ಎರಡು ಬೆರಳು ಅಭ್ಯಾಸದಿಂದ ತಾವಾಗಿಯೇ ಅಂಚಿಗೆ ಬಂದು ಕೂತವು. ಕಾಕ ಅವನ್ನು ನೋಡಿ, ಎತ್ತಿ, ಅಂಗಿಗೆ ಒರೆಸಿಕೊಂಡರು. ಆಮೇಲೆ ಕತ್ತರಿ ತೆಗೆದರು. ಪ್ರತಿ ಸಲ ಕತ್ತರಿಸುವ ಮುಂಚೆ ಅವರು ಮೆಲ್ಲಗೆ ಬಿಸ್ಮಿಲ್ಲಾ ಎನ್ನುವುದು ರೂಢಿ. ಅವತ್ತು ಅದನ್ನು ಹೇಳಿ ಆದ ಮೇಲೂ ಕತ್ತರಿ ಬಾಯಿ ತೆರೆದುಕೊಂಡೇ ಇತ್ತು.

"ಮಗಳೇ, ಇಲ್ಲಿಂದ ಆಚೆ ಹೋದ್ರೆ ಇದು ಯಾರಿಗೂ ಆಗುದಿಲ್ಲ. ನಿನಗೂ ನಾಳೆ ನಾಲ್ಕು ಬಿರಿಯಾನಿ ಜಾಸ್ತಿ ಆದ್ರೆ ಆಗುದಿಲ್ಲ. ಕತ್ತರಿಸ್ಲಾ?"

"ಕತ್ತರಿಸಿ ಕಾಕ."

ಅವರು ನನ್ನನ್ನೂ ನೋಡಿದರು. ಆ ಮೊದಲ ಫ್ರಾಕು ಬಿಟ್ಟರೆ ಮಗಳ ಎಲ್ಲ ಬಟ್ಟೆಗಳಿಗೂ ಎರಡು ಬೆರಳು ಜಾಸ್ತಿ ಬಿಡಿ ಎಂದು ಕಣ್ಣಲ್ಲೇ ಹೇಳುತ್ತಾ ಬಂದವಳು ನಾನು. ತಲೆಯಾಡಿಸಿದೆ. ಕರಕರ ಎಂದು ಕತ್ತರಿ ಹೊರಟಿತು.

ಕೊನೆಯ ರೇಸಿನ ದಿನ ಕಾಕ ಗಾಜಿನ ಈಚೆ ನಿಲ್ಲಲು ಒಪ್ಪಲಿಲ್ಲ. ಬಾಡಿಗೆ ಕೋಟು ತೊಟ್ಟು, ಟೊಪ್ಪಿಯ ಮೇಲೆ ಅದರ ಮುಸುಕು ಎಳೆದುಕೊಂಡು ಒಳಗೇ ಬಂದರು. ಮೊದಲ ಐದು ನಿಮಿಷ ಕೋಟಿನ ಅಸ್ತರನ್ನೇ ತಿರುವಿ ತಿರುವಿ ನೋಡಿದರು. "ಒಳ್ಳೆ ಕೈ. ಯಾರು ಹೊಲಿದದ್ದೋ." ಕನ್ನಡಕಕ್ಕೆ ಮಂಜು ಕೂತಾಗಲೆಲ್ಲ ಅದನ್ನು ಒರೆಸಿಕೊಡುವುದು ನನ್ನ ಕೆಲಸವಾಯಿತು. ನಮ್ಮ ಮನೆಯವರು ಎರಡೂ ಕೈ ಕಂಕುಳಲ್ಲಿಟ್ಟುಕೊಂಡು ನಿಂತಿದ್ದರು.

ಮೊದಲ ಸಲ ಇಳಿದಾಗ ಮಗಳು ಮೂರನೆಯವಳು. ಎರಡನೆಯ ಸಲ ಅವಳ ಸರದಿ ಬಂದಾಗ ನಾನು ನೋಡಲಾರದೆ ಕಾಕನ ಮುಖವನ್ನೇ ನೋಡುತ್ತಾ ನಿಂತೆ. ಅವರ ತುಟಿ ಒಂದರ ಮೇಲೊಂದು ಒತ್ತಿಕೊಂಡಿತ್ತು, ಸೂಜಿ ಕಚ್ಚಿಕೊಂಡ ಹಾಗೆ. ಕಣ್ಣು ಮೇಲಿನಿಂದ ಕೆಳಕ್ಕೆ, ಎಡಕ್ಕೆ, ಬಲಕ್ಕೆ. ಆಮೇಲೆ ಉಸಿರು ಬಿಟ್ಟರು.

"ಬೆನ್ನು ಸರಿ ಉಂಟು," ಅಂದರು.

ಸುತ್ತ ಜನ ಕೂಗಾಡುತ್ತಿದ್ದರು. ಬೋರ್ಡಿನಲ್ಲಿ ಅವಳ ಹೆಸರು ಎರಡನೆಯ ಸಾಲಿಗೆ ಏರಿತ್ತು. ಮಗಳು ಹಿಮವನ್ನೆಲ್ಲ ಎರಚಿಕೊಂಡು ಬಂದು, ಅಪ್ಪನನ್ನೂ ನನ್ನನ್ನೂ ಬಿಟ್ಟು ಮೊದಲು ಕಾಕನ ಮುಂದೆ ನಿಂತು, ಒಂದು ಸುತ್ತು ತಿರುಗಿ ತೋರಿಸಿದಳು. ಚಿಕ್ಕವಳಿದ್ದಾಗ ಹಬ್ಬದ ಬಟ್ಟೆ ಹಾಕಿಕೊಂಡು ತಿರುಗುತ್ತಿದ್ದ ಹಾಗೆ. ಆಮೇಲಷ್ಟೇ ಕಾಕನಿಗೆ ನೆನಪಾಯಿತು. "ಅಲ್ಲ, ಎಷ್ಟನೇದು ಬಂತು?"

ನಮ್ಮ ಮನೆಯವರು ಅವಳಿಗೆ ಒಂದೇ ಪ್ರಶ್ನೆ ಕೇಳಿದರು. "ಪಾಸ್‌ಪೋರ್ಟ್ ಹಾಸ್ಟೆಲ್ಲಿನಲ್ಲಿದೆಯೋ, ಮನೇಲಿದೆಯೋ?"

ಆ ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಹಳೆಯ ವಿದ್ಯಾರ್ಥಿಗಳಾದ, ಮೊದಲು ರೇಸು ಗೆದ್ದಿದ್ದ ಆ ಹುಡುಗನನ್ನೂ ನಮ್ಮ ಮಗಳನ್ನೂ ವೇದಿಕೆಗೆ ಕರೆದರು. ಪ್ರಿನ್ಸಿಪಾಲರು "ಸ್ಕೀಯಿಂಗ್‌ನಲ್ಲಿ ಸಾಧನೆ" ಎಂದಾಗ ಸಭೆಯಲ್ಲಿ ಅರ್ಧ ಜನ ತಮಾಷೆ ಎಂದುಕೊಂಡು ನಕ್ಕುಬಿಟ್ಟರು. ಅಬುಧಾಬಿಯ ಶಾಲೆ, ಹಿಮದ ಆಟ! ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ನನ್ನ ಪಕ್ಕ ಕೂತಿದ್ದ ಕಾಕ ನಗಲಿಲ್ಲ. ವೇದಿಕೆಯನ್ನು ಕಣ್ಣು ಕಿರಿದು ಮಾಡಿ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು. "ಎರಡೂ ನನ್ನ ಗಿರಾಕಿ. ಆದ್ರೆ ಹುಡುಗನ ಇವತ್ತಿನ ಪ್ಯಾಂಟು ನನ್ನದಲ್ಲ ಅಕ್ಕಾ. ರೆಡಿಮೇಡು. ಒಳಗೆ ಒಂದು ಬೆರಳೂ ಬಿಟ್ಟಿಲ್ಲ."

ಅದಾಗಿ ಹೆಚ್ಚು ದಿನ ಕಾಕ ಅಲ್ಲಿರಲಿಲ್ಲ. ಅರವತ್ತು ತುಂಬಿತು, ವೀಸಾ ಮತ್ತೆ ಆಗಲಿಲ್ಲ. ಕ್ಯಾನ್ಸಲ್ ಮಾಡಿಕೊಂಡು ಊರಿಗೆ ಹೊರಟರು. ಅಂಗಡಿಯಲ್ಲಿ ಈಗ ಮೊಬೈಲ್ ಮಾರುತ್ತಾರೆ. ಮಗಳು ಯುರೋಪಿನ ಬೆಟ್ಟ ನೋಡಿ ಬಂದಳು. ಅಲ್ಲಿ ಗೆಲ್ಲಲಿಲ್ಲ, ಬೇಕಾದಷ್ಟು ಬಿದ್ದಳು, ಬಿದ್ದದ್ದನ್ನೆಲ್ಲ ಹೇಳಿಕೊಂಡು ನಕ್ಕಳು. ದುಬೈನ ಇಳಿಜಾರಿನಲ್ಲಿ ಇನ್ನೂ ಕೆಲವು ರೇಸು ಗೆದ್ದಳು. ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಶುಕ್ರವಾರಗಳಲ್ಲಿ ಅಲ್ಲೇ ಮಕ್ಕಳಿಗೆ ಕಲಿಸತೊಡಗಿದಳು.

ಒಂದು ವೆಕೇಶನ್ನಿನಲ್ಲಿ ನಾನೂ ಮಗಳೂ ಊರಿನಲ್ಲಿ ಕಾಕನ ಮನೆಗೆ ಹೋದೆವು. ಮಗ, ಸೊಸೆ, ಮೊಮ್ಮಕ್ಕಳ ಗದ್ದಲದ ಮನೆ. ಜಗಲಿಯಲ್ಲಿ ಮಷೀನು ಇತ್ತು, ಮೊಮ್ಮಕ್ಕಳ ಬಟ್ಟೆ ಬಿಟ್ಟರೆ ಬೇರೆ ಹೊಲಿಗೆ ಇರಲಿಲ್ಲ. ನಾನು ಮೊದಲು ನೋಡಿದ್ದು ಅವರ ಎಡಗೈ. ಎರಡು ಬೆರಳಿಗೂ ಉಳಿದ ಕೈಯ ಬಣ್ಣವೇ ಬಂದಿತ್ತು.

"ಸೂಟು ಈಗಲೂ ಆಗ್ತದಾ ಮಗಳೇ?"

"ಇಲ್ಲ ಕಾಕ. ದಪ್ಪ ಆದೆ."

"ಹೇಳಿದ್ದೆನಾ ಇಲ್ವಾ! ಬಿರಿಯಾನಿ!" ಮೊಮ್ಮಕ್ಕಳೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ನಕ್ಕು ಎದ್ದು ಒಳಗೆ ಹೋದರು, ಒಂದು ಮಿಠಾಯಿ ಡಬ್ಬ ತಂದರು. ಮುಚ್ಚಳ ತೆಗೆದರೆ, ಅವತ್ತು ಮೇಜಿನ ಮೇಲೆ ಕತ್ತರಿಸಿದ ಪಟ್ಟಿಗಳು. ಒಂದೊಂದನ್ನೂ ಸುರುಳಿ ಸುತ್ತಿ, ಬೆನ್ನಿನದು, ಮಂಡಿಯದು, ತೋಳಿನದು ಎಂದು ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದರು. ಮೂವತ್ತು ವರ್ಷದ ಸಂಸಾರವನ್ನು ತೂಕದ ಲೆಕ್ಕದಲ್ಲಿ ಪೆಟ್ಟಿಗೆಗೆ ತುಂಬಿ ಹೊರಟ ಮನುಷ್ಯ ಆ ಚಿಂದಿಗೂ ಜಾಗ ಮಾಡಿದ್ದರು.

"ಕತ್ತರಿಸಿದೆ, ಸರಿ. ಬಿಸಾಡ್ಲಿಕ್ಕೆ ಯಾರು ಹೇಳಿದ್ದು? ಮುಂದಿನ ಸಲ ಸೂಟು ತೆಗೊಂಡು ಬಾ, ಸೇರಿಸಿ ಕೊಡ್ತೇನೆ. ಹೊಲಿಗೆ ಹೊರಗೆ ಬರುವ ಹಾಗೆ ಇಡ್ತೇನೆ, ಮಂಡಿಗೆ ತಾಗುದಿಲ್ಲ."

ಮುಂದಿನ ವೆಕೇಶನ್ ಬರುವ ಮೊದಲೇ ಅವರ ಮಗ ಫೋನ್ ಮಾಡಿದರು. ಬೆಳಗಿನ ನಮಾಜು ಮುಗಿಸಿ ಬಂದು ಜಗಲಿಯಲ್ಲಿ ಕೂತವರು ಹಾಗೇ ಹೋದರಂತೆ. ಮಗಳು ಆ ಶುಕ್ರವಾರವೂ ಕಲಿಸಲು ಹೋದಳು. ಹೋಗಬೇಡ ಅನ್ನಲು ನನಗೆ ಮನಸ್ಸಾಗಲಿಲ್ಲ.

ಸೂಟಿನ ಜೊತೆ ತನ್ನಿ ಎಂದು ಕಾಕ ಅವತ್ತು ಕೊಟ್ಟಿದ್ದ ಡಬ್ಬ ನನ್ನ ಹತ್ತಿರವೇ ಉಳಿಯಿತು, ಸೂಜಿ ದಾರದ ಪೆಟ್ಟಿಗೆಯ ಪಕ್ಕ. ಸೂಟು ಅವಳ ಹತ್ತಿರ. ಅದನ್ನೀಗ ಅವಳು ಕಲಿಸುವ ಒಬ್ಬ ಹುಡುಗಿ ಹಾಕಿಕೊಳ್ಳುತ್ತಾಳೆ. ಅದೇ ಶಾಲೆಯಿಂದ ಕಳೆದ ವರ್ಷ ಪಾಸಾದವಳು, ಕಡ್ಡಿಯ ಹಾಗಿದ್ದಾಳೆ. ಹಾಕಿದ ಮೊದಲ ರೇಸಿನಲ್ಲೇ ಮೂರನೆಯವಳಾಗಿ ಬಂದಳು.

ಮೊನ್ನೆ ಮಗಳ ಫೋನು ಬಂತು. ಹಿಂದಿನಿಂದ ಹಿಮದ ಮೇಲಿನ ಗದ್ದಲ ಕೇಳುತ್ತಿತ್ತು. "ಅಮ್ಮಾ, ಕಾಕನ ಡಬ್ಬ ಎಲ್ಲಿಟ್ಟಿದ್ದೀಯ? ಸೂಟು ಇವಳಿಗೆ ಹಿಡೀತಾ ಇದೆ. ಬೆಳೀತಿದ್ದಾಳೆ."

"ಎಷ್ಟು ಬಿಡಬೇಕು?" ಅಂದೆ, ಟೇಪು ಹುಡುಕುತ್ತಾ.

ಆ ಕಡೆ ಬಟ್ಟೆ ಎಳೆದು ಬಿಟ್ಟ ಸದ್ದು. ಅಳೆಯುತ್ತಿದ್ದಳು ಅಂತ ಕಾಣುತ್ತದೆ.

"ಎರಡು ಬೆರಳು," ಅಂದಳು.